ಸಸಿಗೆ ಕುಂಡವೇಕೆ, ಮಣ್ಣು ಸಾಲದೇ?

ರೋಹಿಣಿ ಮಳೆಯ ಮಾತು ಕೇಳಿಬರತೊಡಗಿತೆಂದರೆ ಭಿವಂಡಿ, ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿರುವ ನಮ್ಮವರ ಸಂಘಗಳಿಗೆ ವೃಕ್ಷಾರೋಪಣದ ನೆನಪಾಗುವುದು ವಾಡಿಕೆ. ಜೂನ್ 5ರ ವಿಶ್ವ ಪರಿಸರ ದಿನ ಒಂದು ಕಡೆ, ಜುಲೈ ಮೊದಲ ವಾರದ ವನಮಹೋತ್ಸವ ಮತ್ತೊಂದು ಕಡೆ. ಅಧ್ಯಕ್ಷರ ಭಾಷಣ, ಹಾರ ತುರಾಯಿ, ಭಾವಚಿತ್ರ, ಉಪಾಹಾರ, ಕಟ್ಟಕಡೆಗೆ ಬಂದವರೆಲ್ಲರ ಕೈಗೂ ಒಂದೊಂದು ಸಸಿ. 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕನ್ಹಯ್ಯಾಲಾಲ್ ಮುನ್ಶಿಯವರು ವನಮಹೋತ್ಸವಕ್ಕೆ ನಾಂದಿ ಹಾಡಿದಂದಿನಿಂದ ದೇಶದಲ್ಲೆಲ್ಲ ನಡೆದುಬಂದಿರುವ ಈ ಸತ್ಸಂಪ್ರದಾಯವನ್ನು ನಾವು ಆಕ್ಷೇಪಿಸುವವರಲ್ಲ. ನಮ್ಮ ಆಕ್ಷೇಪವೇನಿದ್ದರೂ ಆ ಸಸಿಯ ಬುಡಕ್ಕೆ ತೊಡಿಸಿದ ಕಪ್ಪು ಚೀಲದ ಕುರಿತಾದದ್ದು.

ಆ ಸಸಿ ಯಾರ ಕೈ ಸೇರುತ್ತದೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಹೊಟೇಲಿನ ಅಟ್ಟದ ಮೇಲೆ ರಾತ್ರಿ ಹನ್ನೊಂದಕ್ಕೆ ಹಾಸಿಗೆ ಬಿಚ್ಚಿ ಮುಂಜಾನೆ ನಾಲ್ಕಕ್ಕೆ ಸುತ್ತಿಡುವ ಅಡಿಗೆಯವನ ಕೈ. ಗೋದಾಮಿನ ಕಚೇರಿಯಲ್ಲಿ ದಿನವಿಡೀ ಲೆಕ್ಕ ಬರೆದು ಒಂದು ಕೋಣೆಯ ಮನೆಗೆ ಹಿಂದಿರುಗುವ ಗುಮಾಸ್ತನ ಕೈ. ಕೊಟ್ಟದ್ದು ನೇರಳೆಯ ಸಸಿ, ಇಲ್ಲವೆ ಹೊಂಗೆಯ ಸಸಿ. ಆಳೆತ್ತರ ಬೆಳೆದು ಮುಗಿಲು ಮುಟ್ಟಬೇಕಾದ ಆ ಮರವನ್ನು ಆತ ನೆಡುವುದೆಲ್ಲಿ? ಚಾಳಿನ ನಳದ ಬದಿಯಲ್ಲಿ ಹದಿನೈದು ದಿನ ನಿಂತ ಸಸಿ ಬಾಡುತ್ತದೆ. ಮಣ್ಣು ಮೋರಿಯ ಪಾಲಾಗುತ್ತದೆ, ಚೀಲ ಮಣ್ಣನ್ನು ಹಿಂಬಾಲಿಸುತ್ತದೆ. ಅಲ್ಲಿಂದ ಕಾಮವಾರಿ ನದಿಗೆ ದೂರವೇನೂ ಇಲ್ಲ. ಮೋರಿಗಿಳಿದ ಚೀಲ ಏನು ಮಾಡಬಲ್ಲದೆಂಬುದನ್ನು ಈ ಸೀಮೆಯವರಿಗೆ ನಾವು ಬರೆದು ತಿಳಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಬಿದ್ದು ಮುಂಬಯಿಯೂ ಠಾಣೆ ಜಿಲ್ಲೆಯ ತಗ್ಗು ಪ್ರದೇಶಗಳೂ ಮುಳುಗಿದಾಗ, ನೀರು ಹರಿದುಹೋಗದಿದ್ದುದಕ್ಕೆ ಮೋರಿಗಳಲ್ಲಿ ತುಂಬಿದ್ದ ಪ್ಲಾಸ್ಟಿಕ್ ಚೀಲಗಳೂ ಒಂದು ಕಾರಣವೆಂದು ಊರಿಗೆ ಊರೇ ಆಡಿಕೊಂಡಿತು. ಮರುವರ್ಷ, ಅಂದರೆ 2006ರಲ್ಲಿ, ಕರಗದ ಕಸದ ನಿಯಂತ್ರಣಕ್ಕೆಂದು ರಾಜ್ಯದಲ್ಲಿ ಕಾಯಿದೆಯೇ ಬಂದಿತು.

ಹೊಟೇಲಿನವರಾದ ನಮಗೆ ಪ್ಲಾಸ್ಟಿಕ್ ನಿಷೇಧದ ಬಿಸಿ ತಟ್ಟಿದ್ದು 2018ರಲ್ಲಿ. ಮಾರ್ಚ್ 23ರಂದು ಪ್ರಕಟಣೆ ಹೊರಟು, ಜೂನ್ 23ರಿಂದ ದಂಡ ವಿಧಿಸುವುದು ಆರಂಭವಾಯಿತು. ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ಮತ್ತು ಸೆರೆಮನೆ. ಸಾಂಬಾರು ಕಟ್ಟಿಕೊಡುವುದು ಹೇಗೆಂದು ಗಲ್ಲೆಯ ಮೇಲಿದ್ದವರೆಲ್ಲ ತಲೆಗೆ ಕೈಹೊತ್ತರು. ಕೆಲವರು ಗಿರಾಕಿಗಳಿಗೆ ಡಬ್ಬಿ ತರಹೇಳಿದರು, ಕೆಲವರು ಬಾಳೆಯೆಲೆಗೆ ಮರಳಿದರು, ಕಣ್ಣು ತಪ್ಪಿಸಿ ಹಳೆಯ ಚೀಲವನ್ನೇ ಕೊಟ್ಟವರೂ ಇಲ್ಲದಿಲ್ಲ. ಅದೇ ಪ್ರಕಟಣೆಯಲ್ಲಿ ಸಸ್ಯಪಾಲನೆಯ ಚೀಲಗಳಿಗೆ ವಿನಾಯಿತಿ ದೊರೆತಿತ್ತು; ಆದರೆ ಅದು ಮಣ್ಣಿನಲ್ಲಿ ಕರಗಿ ಗೊಬ್ಬರವಾಗುವ ಜಾತಿಯ ಚೀಲಗಳಿಗೆ ಮಾತ್ರ. ಮಾರುಕಟ್ಟೆಯಲ್ಲಿ ನಮ್ಮ ಕೈಗೆ ಬರುವ ಕಪ್ಪು ಚೀಲ ಕರಗಿದ್ದನ್ನು ಕಂಡವರು ಇದ್ದರೆ ಮುಂದೆ ಬರಲಿ. ಮಹಾರಾಷ್ಟ್ರ ಸರಕಾರವು 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿಗಳನ್ನು ನೆಡುವ ಗುರಿ ಇರಿಸಿಕೊಂಡಿತ್ತು. ಗುರಿ ದೊಡ್ಡದು, ಸಂತೋಷ. ಆದರೆ ಕೋಟಿಗಟ್ಟಲೆ ಸಸಿಯೆಂದರೆ ಎಷ್ಟು ಚೀಲವೆಂಬ ಲೆಕ್ಕವನ್ನು ನಮ್ಮ ಗುಮಾಸ್ತ ಬಾಂಧವರು ಬಾಯಿಲೆಕ್ಕದಲ್ಲೇ ಹಾಕಬಲ್ಲರು.

ಹಾಗಾದರೆ ಚೀಲವಿಲ್ಲದೆ, ಕುಂಡವಿಲ್ಲದೆ ಸಸಿ ಮಾಡುವುದೆಂತು ಎಂದು ಕೇಳುವವರುಂಟು. ಪಾಲಿಥಿನ್ ಎಂಬ ವಸ್ತು ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಹುಟ್ಟಿದ್ದು 1933ರಲ್ಲಿ. ನಮ್ಮ ಹಿರಿಯರ ಅಡಕೆ ತೋಟಗಳು ಅದಕ್ಕಾಗಿ ಕಾದು ಕುಳಿತಿರಲಿಲ್ಲ. ಅಡಕೆಯನ್ನು ಪಾತಿಯಲ್ಲಿ ಮೊಳೆಯಿಸಿ, ಎರಡನೆಯ ಪಾತಿಗೆ ಬದಲಿಸಿ, ಗಿಡ ಹದಕ್ಕೆ ಬಂದಾಗ ಬುಡದ ಮಣ್ಣಿನ ಹೆಂಟೆಯೊಡನೆಯೇ ಎತ್ತಿ ತೋಟಕ್ಕೆ ಒಯ್ಯುತ್ತಿದ್ದರು. ಮಣ್ಣೇ ಅದರ ಪಾತ್ರೆ, ಮಣ್ಣೇ ಅದರ ಬುತ್ತಿ. ಇಲ್ಲಿಯೇ ಭಿವಂಡಿಯ ಗಡಿ ದಾಟಿ ಶಹಾಪುರ, ಮುರಬಾಡದ ಕಡೆ ಹೋದರೆ ಮಳೆಗೆ ಮುನ್ನ ತರಗೆಲೆ ಕಡ್ಡಿಗಳನ್ನು ಗದ್ದೆಯ ಮೂಲೆಯಲ್ಲಿ ಸುಟ್ಟು, ಆ ಬೂದಿಯ ಮೇಲೆ ಭತ್ತದ ಅಗೆ ಹಾಕುವ ‘ರಾಬ್’ ಪದ್ಧತಿಯನ್ನು ಕಾಣಬಹುದು. ಅಲ್ಲಿಯೂ ಕುಂಡದ ಸುದ್ದಿಯಿಲ್ಲ. ಇನ್ನು ದೂರದ ಮೆಕ್ಸಿಕೋ ದೇಶದ ರಾಜಧಾನಿಯ ಬಳಿ ಶೊಚಿಮಿಲ್ಕೊ ಎಂಬ ಸ್ಥಳದಲ್ಲಿ ಕಾಲುವೆಗಳ ನಡುವೆ ತೋಟ ಮಾಡುವ ಜನರಿದ್ದಾರೆ. ಅವರು ಕಾಲುವೆಯ ತಳದ ಕೆಸರನ್ನೆತ್ತಿ ನೆಲದ ಮೇಲೆ ಹರವಿ, ಸ್ವಲ್ಪ ಆರಿದ ಮೇಲೆ ನಾವು ಬರ್ಫಿಯನ್ನು ಕೊಯ್ಯುವಂತೆ ಚೌಕ ಚೌಕವಾಗಿ ಕೊಯ್ದು, ಒಂದೊಂದು ಚೌಕಕ್ಕೆ ಒಂದೊಂದು ಬೀಜವಿಡುತ್ತಾರೆ. ಸ್ಪೇನಿನವರು ಅಲ್ಲಿಗೆ ಕಾಲಿಡುವುದಕ್ಕೆ ಮುಂಚಿನ ವಿದ್ಯೆಯದು, ಇಂದಿಗೂ ಬಳಕೆಯಲ್ಲಿದೆ.

ಇದನ್ನೇ ಯುರೋಪಿನಲ್ಲಿ ಹಾಲೆಂಡಿನವರು ಹಿಡಿದು ಶಾಸ್ತ್ರೋಕ್ತವಾಗಿ ಬೆಳೆಸಿದರು. ಅಮೆರಿಕದ ಮೇಯ್ನ್ ಪ್ರಾಂತದ ಎಲಿಯಟ್ ಕೋಲ್ಮನ್ ಎಂಬ ತೋಟಗಾರರು 1989ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ ಮೇಲೆ ಸಣ್ಣ ತೋಟಗಾರರಲ್ಲಿ ಇದು ಹಬ್ಬಿತು. ಪದ್ಧತಿ ಇಷ್ಟೇ: ಹದಗೊಳಿಸಿದ ಮಣ್ಣಿನ ಮಿಶ್ರಣವನ್ನು ಅಚ್ಚಿನಲ್ಲಿ ಒತ್ತಿ, ಸುಮಾರು ಎರಡು ಅಂಗುಲದ ಗಟ್ಟಿಗಳನ್ನು ಮಾಡಿ, ತಲೆಯಲ್ಲೊಂದು ಕುಳಿ ಮಾಡಿ ಬೀಜವಿಟ್ಟು, ಹಲಗೆಯ ಮೇಲೆ ಸಾಲಾಗಿ ಜೋಡಿಸುವುದು. ಗಟ್ಟಿಗೂ ಗಟ್ಟಿಗೂ ನಡುವೆ ಬೆರಳು ತೂರುವಷ್ಟು ಎಡೆ ಇರತಕ್ಕದ್ದು. ಈ ಎಡೆಯಲ್ಲಿಯೇ ಇದರ ಗುಟ್ಟಿರುವುದು.

ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆದ ಸಸಿಯನ್ನು ಕಿತ್ತು ನೋಡಿದವರು ಬಲ್ಲರು: ಬೇರು ಗೋಡೆಗೆ ತಗಲಿ, ಹೊರಗೆ ದಾರಿ ಕಾಣದೆ, ಗೋಡೆಯನ್ನೇ ಬಳಸಿಕೊಂಡು ಸುತ್ತು ಸುತ್ತಾಗಿ ಬೆಳೆದಿರುತ್ತದೆ. ಅಂತಹದನ್ನು ನೆಲಕ್ಕೆ ನೆಟ್ಟರೂ ಹಳೆಯ ಅಭ್ಯಾಸ ಬಿಡುವುದಿಲ್ಲ. ಬೇರು ತನ್ನನ್ನೇ ತಾನು ಸುತ್ತಿಕೊಂಡು ಗಿಡ ಸೊರಗುತ್ತದೆ, ಮರವಾದರೆ ಗಾಳಿಗೆ ಉರುಳುತ್ತದೆ. ಮಣ್ಣಿನ ಗಟ್ಟಿಗೆ ಗೋಡೆಯೇ ಇಲ್ಲ. ಬೇರಿನ ತುದಿ ಗಟ್ಟಿಯ ಅಂಚಿಗೆ ಬಂದು ಗಾಳಿಯನ್ನು ಸೋಂಕಿದಾಗ ಅಲ್ಲಿಗೇ ನಿಲ್ಲುತ್ತದೆ. ತುದಿ ನಿಂತ ಮೇಲೆ ಹಿಂದಿನಿಂದ ಹೊಸ ಕವಲುಗಳೊಡೆಯುತ್ತವೆ, ಅವೂ ಅಂಚಿಗೆ ಬಂದು ನಿಲ್ಲುತ್ತವೆ. ಹೀಗೆ ಗಟ್ಟಿಯ ತುಂಬ ನವಿರಾದ ಬೇರುಗಳು ಹೊರಡಲು ಸಿದ್ಧವಾಗಿ, ನಾಟಕಶಾಲೆಯ ಬಾಗಿಲು ತೆರೆಯುವುದನ್ನೇ ಕಾಯುವ ಜನರಂತೆ ನಿಂತಿರುತ್ತವೆ. ನೆಲಕ್ಕಿಟ್ಟೊಡನೆ ಹೊರಗೆ ಹರಿಯುತ್ತವೆ. ಬೇರಿಗೆ ಪೆಟ್ಟಿಲ್ಲವಾಗಿ ಸಸಿ ಬಾಡುವುದೂ ಕಡಿಮೆ.

ಇನ್ನು ಮಿಶ್ರಣದ ವಿಷಯ. ಈ ವಿಷಯದಲ್ಲಿ ಹೊಟೇಲಿಗರಷ್ಟು ಭಾಗ್ಯವಂತರು ಬೇರೊಬ್ಬರಿಲ್ಲವೆಂಬುದು ನಮ್ಮ ಅಭಿಪ್ರಾಯ. ಪಾಶ್ಚಾತ್ಯರು ಜೌಗುನೆಲದಿಂದ ಅಗೆದ ಪೀಟ್ ಎಂಬ ವಸ್ತುವನ್ನು ಬಳಸುತ್ತಾರೆ. ನಮಗೆ ಆ ಗೋಜು ಬೇಡ. ತೆಂಗಿನ ನಾರಿನ ಹುಡಿ ಧಾರಾಳವಾಗಿದೆ. ಇಟ್ಟಿಗೆಯಾಗಿ ಒತ್ತಿದ 5 ಕಿಲೋ ನಾರಿನ ಹುಡಿ ನೀರು ಕುಡಿದರೆ 70 ಲೀಟರಿನಷ್ಟು ಉಬ್ಬುತ್ತದೆ. ಆದರೆ ಹಸಿ ಹುಡಿಯನ್ನು ಹಾಗೆಯೇ ಬಳಸಬಾರದು. ಅದರಲ್ಲಿ ಉಪ್ಪಿನಂಶವಿರುವುದುಂಟು; ಎರಡು ಮೂರು ಸಲ ನೆನೆಯಿಸಿ ಹಿಂಡಿ ನೀರು ಚೆಲ್ಲಬೇಕು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಾರಿನ ಹುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗೆಬ್ಬಿಸಿ ಸಸಿಗೆ ಹಿತವಾಗಿಸುವ ಕ್ರಮವನ್ನು ರೂಪಿಸಿದ್ದಾರೆ. ಹುದುಗೆಬ್ಬಿಸುವುದೆಂದರೇನೆಂದು ದೋಸೆಹಿಟ್ಟಿನ ಜನಕ್ಕೆ ವಿವರಿಸುವ ಅಗತ್ಯವಿಲ್ಲ.

ಎರಡನೆಯದು ಗೊಬ್ಬರ. ದಿನಕ್ಕೆ ಎಷ್ಟು ಚಹಾದ ಚರಟ, ಎಷ್ಟು ಕಾಫಿಯ ಚರಟ, ಎಷ್ಟು ಈರುಳ್ಳಿ ಬಟಾಟೆಯ ಸಿಪ್ಪೆ, ಎಷ್ಟು ಕೊತ್ತಂಬರಿಯ ಕಾಂಡ ನಮ್ಮ ಹಿತ್ತಿಲ ಬಾಗಿಲಿನಿಂದ ಹೊರಬೀಳುತ್ತದೆಂಬುದನ್ನು ಯಾವ ಮಾಲಿಕನೂ ತೂಗಿ ನೋಡಿದಂತಿಲ್ಲ. ಹಸಿ ಕಸವನ್ನು ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಬೇರ್ಪಡಿಸಿದ್ದನ್ನು ಮತ್ತೆ ಒಂದೇ ಗಾಡಿಗೆ ಸುರಿಯುವುದು ನಮ್ಮ ಕಣ್ಣೆದುರೇ ನಡೆಯುತ್ತದೆ. ಈ ಕಸವನ್ನೇ ತೂತು ಕೊರೆದ ಡಬ್ಬಿಯಲ್ಲಿ ಒಣಗಿದ ಎಲೆಯೊಡನೆ ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ಮಗುಚಿದರೆ ಇಲ್ಲಿಯ ಸೆಕೆಗೆ ಎರಡು ಮೂರು ತಿಂಗಳಲ್ಲಿ ಕರಿಯ ಹುಡಿಯಾಗುತ್ತದೆ. ಹಾಲು ಸಕ್ಕರೆ ಹಾಕಿ ಕುದಿಸಿದ ಚಹಾದ ಚರಟವನ್ನು ಮಾತ್ರ ಮೊದಲು ತೊಳೆಯಬೇಕು, ಇಲ್ಲವಾದರೆ ಇರುವೆಗಳ ಜಾತ್ರೆಯಾದೀತು. ಉಪ್ಪು ಎಣ್ಣೆ ಬಿದ್ದ ಉಳಿಕೆ ಅನ್ನ ಸಾಂಬಾರು ಇದಕ್ಕೆ ಸಲ್ಲದು.

ಮೂರನೆಯದು ಮಣ್ಣು. ಇದರಲ್ಲಿ ಎಚ್ಚರ ಬೇಕು. ಬಣ್ಣದ ಕಾರಖಾನೆಗಳ ನೀರು ಹರಿಯುವ ಕಡೆಯಿಂದ ಮಣ್ಣು ತರಬಾರದು. ಕಾಲ್ಹೇರ್, ಕಾಶೇಳಿ ಕಡೆಯ ಖಾಡಿಯ ಮರಳನ್ನೂ ತರಬಾರದು, ಅದರಲ್ಲಿ ಉಪ್ಪಿದೆ. ಗದ್ದೆಯ ಮಣ್ಣು ಸಿಕ್ಕರೆ ಜರಡಿ ಹಿಡಿದು ಉಪಯೋಗಿಸಬಹುದು. ಮೂರು ಪಾಲು ನಾರಿನ ಹುಡಿ, ಎರಡು ಪಾಲು ಗೊಬ್ಬರ, ಒಂದು ಪಾಲು ಮಣ್ಣು; ಒಂದು ಹಿಡಿ ಬೇವಿನ ಹಿಂಡಿ ಸಿಕ್ಕರೆ ಲೇಸು. ಅಳತೆ ಕಟ್ಟುನಿಟ್ಟಲ್ಲ, ಕೈಗೆ ತಿಳಿಯಬೇಕು. ನೀರು ಕಲಸುವ ಹದವನ್ನು ನಮ್ಮ ಕರಾವಳಿಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಪುಂಡಿಯ ಹದ. ಅಂಗೈಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ನೀರು ಜಿನುಗಬೇಕು. ಇಡ್ಲಿ ಹಿಟ್ಟಿನಂತಾದರೆ ಕೆಟ್ಟಿತು. ವಿಲಾಯತಿ ಅಚ್ಚನ್ನು ತರಿಸಿಕೊಳ್ಳುವ ಶಕ್ತಿಯುಳ್ಳವರು ತರಿಸಿಕೊಳ್ಳಲಿ. ಚಕ್ಕುಲಿಯ ಒರಳಿನ ತಳದ ಬಿಲ್ಲೆಯನ್ನು ತೆಗೆದು, ಮಿಶ್ರಣ ತುಂಬಿ ಒತ್ತಿ, ಹೊರಬಂದದ್ದನ್ನು ಎರಡೆರಡು ಅಂಗುಲಕ್ಕೆ ಕೊಯ್ದರೆ ಅದೇ ಅಚ್ಚು. ಹಾಗೆ ಮಾಡುವವರು ಆ ಒರಳನ್ನು ಮರಳಿ ಅಡಿಗೆಮನೆಗೆ ತರದಿರುವುದು ಕ್ಷೇಮ. ಭಟ್ಟರಿಗೆ ಗೊತ್ತಾದರೆ ಪತ್ರಿಕೆಯವರನ್ನು ಶಪಿಸಿಯಾರು.

ನೀರನ್ನು ಮೇಲಿನಿಂದ ಸುರಿಯಬಾರದು, ಗಟ್ಟಿ ಕದಡುತ್ತದೆ. ಹಲಗೆಯ ಬದಲು ಅಂಚುಳ್ಳ ತಟ್ಟೆಯಲ್ಲಿಟ್ಟು ತಳಕ್ಕೆ ತೆಳ್ಳಗೆ ನೀರು ಹಾಕಿದರೆ ಗಟ್ಟಿ ತಾನೇ ಹೀರಿಕೊಳ್ಳುತ್ತದೆ. ವೈಶಾಖದ ಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ಬೇಕಾದೀತು. ಆಷಾಢದ ಜಡಿಮಳೆಯಲ್ಲಿ ಮಾಡಿನ ಕೆಳಗಿಡದಿದ್ದರೆ ಒಂದೇ ರಾತ್ರಿಗೆ ಎಲ್ಲವೂ ಕೆಸರಾಗುತ್ತದೆ. ಕುಂಡಕ್ಕಿಂತ ಇದು ಹೆಚ್ಚು ಗಮನ ಬೇಡುತ್ತದೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಎಲ್ಲ ಬೆಳೆಗೂ ಇದು ಸಲ್ಲುವುದಿಲ್ಲ. ಮೂಲಂಗಿ, ಗಜ್ಜರಿಗಳನ್ನು ನೇರವಾಗಿ ನೆಲಕ್ಕೇ ಬಿತ್ತಬೇಕು. ಅಲಸಂಡೆಯೂ ಹಾಗೆಯೇ. ಬಸಳೆಗಂತೂ ಬೀಜದ ಗೊಡವೆಯೇ ಬೇಡ, ಊರಿಂದ ಬಂದವರ ಚೀಲದಲ್ಲಿ ಒಂದು ತುಂಡು ದಂಟು ಬಂದರೆ ಸಾಕು. ಬದನೆ, ಟೊಮೇಟೊ, ಮೆಣಸು, ನವಿಲುಕೋಸು, ತುಳಸಿ ಇವುಗಳಿಗೆ ಮಣ್ಣಿನ ಗಟ್ಟಿ ಹೇಳಿ ಮಾಡಿಸಿದ್ದು.

ಬದನೆಯೆಂದೊಡನೆ ಉಡುಪಿಯವರಿಗೆ ನೆನಪಾಗುವುದು ಮಟ್ಟು ಗುಳ್ಳ. ಕಟಪಾಡಿಯ ಬಳಿ ಸಮುದ್ರದಂಡೆಯ ಮಟ್ಟುವಿನಲ್ಲಿ ಏಣೆಲು ಕೊಯ್ಲಾದ ಗದ್ದೆಗಳಲ್ಲಿ ಬೆಳೆಯುವ, ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವುಳ್ಳ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ದುಂಡನೆಯ ಹಸುರು ಕಾಯಿ. ಭಿವಂಡಿಯಲ್ಲಿ ಬೆಳೆದದ್ದನ್ನು ಮಟ್ಟು ಗುಳ್ಳವೆಂದು ಮಾರುವ ಹಕ್ಕು ನಮಗಿಲ್ಲ; ಸಾಂಬಾರಿಗೆ ಹಾಕುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಗಣೇಶ ಚೌತಿಯ ಹೊತ್ತಿಗೆ ಗಟ್ಟಿಗೆ ಬೀಜವಿಟ್ಟರೆ ವಾರ ಹತ್ತು ದಿನದಲ್ಲಿ ಮೊಳಕೆ, ನಾಲ್ಕೈದು ವಾರಗಳಲ್ಲಿ ನಾಲ್ಕಾರು ಎಲೆ. ಅನಂತರ ಅದನ್ನು ಗಟ್ಟಿಯೊಡನೆಯೇ ಎತ್ತಿ, ತಳಕ್ಕೆ ತೂತು ಹೊಡೆದ ಹದಿನೈದು ಕಿಲೋ ಎಣ್ಣೆಯ ಡಬ್ಬಿಯಲ್ಲಿ ನೆಟ್ಟರಾಯಿತು. ಎಣ್ಣೆ ಡಬ್ಬಿಗೆ ನಮ್ಮಲ್ಲಿ ಬರವೇ?

ಇದೆಲ್ಲ ಓದಿದವರು ಮಾಡುವ ಕೆಲಸವೆಂದು ಯಾರೂ ಭಾವಿಸಬಾರದು. ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು ಅಕ್ಷರ ಕಲಿತವರಲ್ಲ. ಮತ್ತಿಘಟ್ಟದಲ್ಲಿನ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಯಾಗಿ ಸೇರಿ, ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕೆಂಬುದನ್ನು ಕೈಯಿಂದ ಕಲಿತು, ಜೀವಮಾನವೆಲ್ಲ ಸಸಿ ಎಬ್ಬಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದುಹೋಗಿ ಅದನ್ನು ಸ್ವೀಕರಿಸಿದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ದಿನಗೂಲಿಯ ಕೈಗೆ ಬಂದ ವಿದ್ಯೆ ತಟ್ಟೆ ಲೋಟ ತೊಳೆಯುವ ಕೈಗೂ ಬರಬಲ್ಲದು.

ಬರಬೇಕಾದರೆ ಆ ಕೈಗೆ ಎರಡಡಿ ಬಿಸಿಲು ಬೇಕು. ಇಲ್ಲಿ ನಮ್ಮ ಮಾತು ಮಾಲಿಕ ಬಂಧುಗಳಿಗೆ. ನಾವೂ ಗಲ್ಲೆಯ ಮೇಲೆ ಕುಳಿತು ಬಂದವರೇ ಆದುದರಿಂದ ಈ ಸಲುಗೆ. ಹೊಟೇಲಿನ ಮಾಳಿಗೆಯ ಮೇಲೆ ಏನಿದೆಯೆಂದು ಹತ್ತಿ ನೋಡಿರಿ: ಮುರಿದ ಕುರ್ಚಿ, ತುಕ್ಕು ಹಿಡಿದ ಒಲೆ, ಹಳೆಯ ನಾಮಫಲಕ. ಇವಕ್ಕೆ ದೊರೆತ ಬಿಸಿಲು ಕೆಲಸದ ಹುಡುಗನಿಗೆ ದೊರೆತಿಲ್ಲ. ಊರಿನಲ್ಲಿ ಗದ್ದೆ ತೋಟಗಳ ನಡುವೆ ಬೆಳೆದ ಹುಡುಗ ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಮಣ್ಣು ಮುಟ್ಟುವುದಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಸಿಗುವ ಬಿಡುವನ್ನು ಮೊಬೈಲಿನ ಮುಂದೆಯೋ ಇಸ್ಪೀಟಿನ ಮುಂದೆಯೋ ಕಳೆಯುತ್ತಾನೆಂದು ಗೊಣಗುವವರೂ ನಾವೇ. ಮಾಳಿಗೆ ಸೋರುತ್ತದೆಂಬ ಭಯವಿದ್ದರೆ ಡಬ್ಬಿಗಳ ಕೆಳಗೆ ಇಟ್ಟಿಗೆ ಇಡಿಸಿರಿ. ಹುಡುಗರು ಕೆಲಸ ಬಿಟ್ಟು ಗಿಡದ ಹಿಂದೆ ಬೀಳುವರೆಂಬ ಭಯ ಬೇಡ. ಐವತ್ತು ಗಟ್ಟಿಗಳಿಗೆ ನೀರು ಕಾಣಿಸಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಹಾಗೆಂದು ಇದನ್ನೂ ಕೆಲಸದ ಪಟ್ಟಿಗೆ ಸೇರಿಸಿ, ಬೆಳೆದ ಮೆಣಸನ್ನು ಹೊಟೇಲಿನ ಲೆಕ್ಕಕ್ಕೆ ಬರೆಯುವ ಬುದ್ಧಿವಂತಿಕೆ ಯಾರಿಗೂ ಬಾರದಿರಲಿ. ಬಿಸಿಲು ಮಾಲಿಕನದು, ಬೆಳೆ ಬೆಳೆದವನದು.

ಸಂಘಗಳ ಪದಾಧಿಕಾರಿಗಳಿಗೂ ಒಂದು ಸೂಚನೆ. ದೊಡ್ಡ ಮರಗಳ ಸಸಿಗೆ ಎರಡಂಗುಲದ ಗಟ್ಟಿ ಸಾಲದು, ನಿಜ. ಆದರೆ ಚಾಳಿನವನಿಗೆ ದೊಡ್ಡ ಮರವನ್ನು ಕೊಡುವುದೇ ಅಸಂಗತ. ಮರ ನೆಡಬೇಕೆಂದಿದ್ದರೆ ನೆಡಲು ಸ್ಥಳವನ್ನೂ, ಎರಡು ವರ್ಷ ನೀರೆರೆಯುವ ಆಳನ್ನೂ ಮೊದಲು ಗೊತ್ತುಮಾಡಿ, ನೆಟ್ಟ ಮೇಲೆ ಚೀಲಗಳನ್ನು ಎಣಿಸಿ ಹಿಂದಕ್ಕೆ ಒಯ್ಯುವ ಏರ್ಪಾಡು ಮಾಡಲಿ. ಬಂದ ಸದಸ್ಯರ ಕೈಗೆ ಕೊಡುವುದಾದರೆ ಮೆಣಸು, ತುಳಸಿ, ಗುಳ್ಳಗಳ ಸಸಿಯನ್ನು ಮಣ್ಣಿನ ಗಟ್ಟಿಯಲ್ಲಿ, ಬಾಳೆಯೆಲೆಯ ತುಂಡಿನಲ್ಲಿ ಸುತ್ತಿ ಕೊಡಲಿ. ಹೂವಿನ ಅಂಗಡಿಯವರು ಮಲ್ಲಿಗೆಯ ಚೆಂಡನ್ನು ಹಾಗೆಯೇ ಕಟ್ಟಿಕೊಡುವುದಿಲ್ಲವೇ? ಜುಲೈ ಮೊದಲ ವಾರಕ್ಕೆ ಸಸಿ ಸಿದ್ಧವಾಗಬೇಕಾದರೆ ಮೆಣಸಿನ ಬೀಜವನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಇಡಬೇಕಾಗುತ್ತದೆ. ನಾರಿನ ಹುಡಿಯನ್ನು ಅದಕ್ಕೂ ನಾಲ್ಕು ದಿನ ಮುಂಚೆ ತೊಳೆದಿರಬೇಕು.